ಗೋಡೆಯಾಚೆ ಬಹರೇನಿನ ಸಮುದ್ರ

ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು ಬುಧವಾರದ ಮತ್ತು ಶುಕ್ರವಾರದ ಮೀನಿನ ಬೆಲೆಗೆ. ಬಿಲ್ಲಿನಲ್ಲಿ ಬಾಡಿಗೆ ಎಂದು ಏನು ಬರೆದಿರುತ್ತಿತ್ತೋ ಅದು ಬೇರೆ ಮಾತು. ನನ್ನ ಅಮ್ಮ, ಅಂದರೆ ಆಯಿ, ಯಾವುದನ್ನೂ ರೂಪಾಯಿಯಲ್ಲಿ ಯೋಚಿಸಿದವಳಲ್ಲ. ಹೊಸ ಸೀರೆ ಎಂದರೆ ಇಷ್ಟು ಬಂಗಡೆ, ಡಾಕ್ಟರ ಹತ್ತಿರ ಹೋಗಿಬಂದರೆ ಇಷ್ಟು ತಾರ್ಲೆ. ಸೋಮವಾರ, ಶನಿವಾರ ಹೇಗೂ ನಮ್ಮಲ್ಲಿ ಮೀನಿಲ್ಲ. ಅದರ ಮೇಲೆ ಇನ್ನೂ ಎರಡು ದಿನದ ಮೀನನ್ನು ಇಂಟರ್ನೆಟ್ಟಿಗೆ ಅರ್ಪಿಸಬೇಕು ಎಂದು ತೀರ್ಮಾನವಾದಾಗ ನಾನು ಏಳನೇ ಇಯತ್ತೆಯಲ್ಲಿದ್ದೆ. ಆ ಎರಡೂ ದಿನ ನಾನು ಬೇಳೆಸಾರು ಅನ್ನ ನುಂಗುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆ ದೊಡ್ಡಪ್ಪನ ಅಡುಗೆಮನೆಯಿಂದ ಬಂಗಡೆ ಹುರಿಯುವ ವಾಸನೆ ಬರುತ್ತಿತ್ತು. ಇಷ್ಟು ತ್ಯಾಗ ಯಾಕೆ ಎಂದರೆ, ಅಪ್ಪ ಬಹರೇನಿನಲ್ಲಿ ಹಡಗು ದುರಸ್ತಿಯ ವರ್ಕ್‌ಶಾಪೊಂದರಲ್ಲಿ ವೆಲ್ಡರ್ ಆಗಿದ್ದ. ವಾರದ ರಜೆ ಶುಕ್ರವಾರ. ಅವನು ಕಾರ್ಡು ಕೊಂಡು ಫೋನು ಮಾಡುತ್ತಿದ್ದ, ಕಾರ್ಡು ಯಾವಾಗಲೂ ಮಾತಿನ ನಡುವೆಯೇ ಮುಗಿಯುತ್ತಿತ್ತು. 'ಶೈಲೂ, ಶಾಲೆಲಿ...' ಎನ್ನುವಷ್ಟರಲ್ಲಿ ಟೊಂಯ್. ನನ್ನ ಶಾಲೆಯ ಬಗ್ಗೆ ಅಪ್ಪ ಏನು ಕೇಳಲು ಹೊರಟಿದ್ದ ಎನ್ನುವುದು ನನಗೆ ಎಷ್ಟೋ ಕಾಲ ಗೊತ್ತೇ ಆಗಲಿಲ್ಲ.

ಆಗ ಕಾರವಾರದಲ್ಲಿ ಇಂಟರ್ನೆಟ್ ಎಂದರೆ ಪರದೆ ಕಟ್ಟಿದ ಸಣ್ಣ ಸಣ್ಣ ಗೂಡುಗಳ ಅಂಗಡಿ. ಒಳಗೆ ಕೂತವರು ಏನು ಮಾಡುತ್ತಾರೆ ಎಂದು ಹೊರಗೆ ನಿಂತವರಿಗೆ ಅನುಮಾನ, ಹೊರಗೆ ಎಷ್ಟು ಜನ ಕಾಯುತ್ತಿದ್ದಾರೆ ಎಂದು ಒಳಗಿನವರಿಗೆ ಅವಸರ. ಆಮೇಲೆ ಕೆಲವರು ಮನೆಯ ಫೋನಿಗೇ ಕಂಪ್ಯೂಟರ್ ಜೋಡಿಸಿಕೊಂಡರು. ಅದು ಕಿರ್ರ್ ಕೊರ್ರ್ ಎಂದು ಬೆಕ್ಕು ಜಗಳಾಡಿದ ಹಾಗೆ ಸದ್ದು ಮಾಡಿ ಹತ್ತುತ್ತಿತ್ತು, ಹತ್ತಿದ ಮೇಲೆ ಆ ಮನೆಗೆ ಯಾರೂ ಫೋನು ಮಾಡುವ ಹಾಗಿಲ್ಲ. ಬ್ರಾಡ್‌ಬ್ಯಾಂಡ್ ಬಂದಾಗ ಅದರ ದೊಡ್ಡಸ್ತಿಕೆಯೇ ಇದು: ನೆಟ್ಟೂ ನಡೆಯುತ್ತದೆ, ಫೋನೂ ನಡೆಯುತ್ತದೆ. ಮೊದಲು ಕಾರವಾರ ಪೇಟೆಗೆ ಬಂತು, ಆಮೇಲೆ ಅಂಕೋಲೆಗೆ. ಎಕ್ಸ್‌ಚೇಂಜಿನಿಂದ ದೂರ ಇದ್ದವರಿಗೆ ಸಿಗುತ್ತಿರಲಿಲ್ಲ. ಆಯಿಯ ತವರು ಚಿತ್ತಾಕುಲ. ಅಲ್ಲಿ ನನ್ನ ಸೋದರಮಾವ ಅರ್ಜಿ ಹಾಕಿ ಕಾಯುತ್ತಲೇ ಇದ್ದ. ಅಂಕೋಲೆಯ ಪೇಟೆಯಂಚಿನ ನಮ್ಮ ಓಣಿಗೆ ಸಿಕ್ಕಿತು. ಮದುವೆಯಾಗಿ ಬಂದಾಗಿನಿಂದ ತವರನ್ನೇ ಹೊಗಳುತ್ತಿದ್ದ ಆಯಿ ಗಂಡನ ಊರನ್ನು ಬಾಯ್ತುಂಬ ಹೊಗಳಿದ್ದು ಅದೇ ಮೊದಲು. ಮನೆಮನೆಗೆ ನೆಟ್ ಬರತೊಡಗಿದ ಮೇಲೆ ಕಾರವಾರದ ಆ ಗೂಡಂಗಡಿಗಳಲ್ಲಿ ಒಂದು ಮುಚ್ಚಿತು. ಅಲ್ಲಿಯ ಹಳೆಯ ಕಂಪ್ಯೂಟರನ್ನು ಆಯಿ ಚೌಕಾಸಿ ಮಾಡಿ ತಂದಳು. ಕೊಸರಿಗೆಂದು ಅಲ್ಲಿಯ ತಿರುಗುವ ಕುರ್ಚಿಯನ್ನೂ ಕೇಳಿದಳು, ಅದನ್ನೂ ಕೊಟ್ಟರು. ಬಸ್ಸಿನ ಟಾಪಿನ ಮೇಲೆ ಆ ಕುರ್ಚಿ ಅಂಕೋಲೆಯ ತನಕ ತಿರುಗುತ್ತಾ ಬಂತು.

ಈಗ ಮನೆಯ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಉದ್ದನೆಯ ಹಂಚಿನ ಮನೆ. ಅದರ ನಡುಕೋಣೆಯ ಮಧ್ಯದಲ್ಲಿ ಒಂದು ಚಿರೆಕಲ್ಲಿನ ಗೋಡೆ. ಆ ಗೋಡೆ ನನಗಿಂತ ಚಿಕ್ಕದು, ಅಂದರೆ ನನ್ನ ಕಣ್ಣೆದುರಿಗೇ ಎದ್ದದ್ದು. ಅಜ್ಜ ತೀರಿಕೊಂಡಾಗ ಅಪ್ಪನಿಗೆ ರಜೆ ಸಿಗಲಿಲ್ಲ. ಎಲ್ಲ ಕಾರ್ಯ ಒಬ್ಬನೇ ಮಾಡಿದ ದೊಡ್ಡಪ್ಪ, ಅಪ್ಪ ಕೊನೆಗೂ ಬಂದಿಳಿದ ದಿನ ಅಂಗಳದಲ್ಲೇ ನಿಲ್ಲಿಸಿ ಹೇಳಿದ:

'ಮಣ್ಣಿಗೆ ಬರದವಂಗೆ ಮನೆ ಎಂತಕೆ?'

ಅಪ್ಪ ಚೀಲ ಕೆಳಗಿಡದೆಯೇ ಉತ್ತರಿಸಿದ:

'ಹೌದಾ? ಹಂಗಾರೆ ನನ್ನ ಪಾಲು ಕೊಟ್ಬಿಡು.'

ಕೊಟ್ಟೇಬಿಟ್ಟರು. ತೆಂಗಿನ ಮರ ಎಣಿಸಿದರು, ಬಾವಿಗೆ ಎರಡು ರಾಟೆ ಹಾಕಿದರು. ಗೋಡೆ ಎದ್ದ ಮೇಲೆ ಅವರವರ ಬದಿಯ ಪ್ಲಾಸ್ಟರ್ ಅವರವರು ಮಾಡಿಸಬೇಕು ಎಂದಾಯಿತು. ದೊಡ್ಡಪ್ಪ ಮಾಡಿಸಿ ಸುಣ್ಣ ಹೊಡೆಸಿದ, ನಮ್ಮ ಬದಿಗೆ ಕೆಂಪು ಕಲ್ಲು ಹಾಗೇ ಉಳಿಯಿತು. ಅಜ್ಜಿ ದೊಡ್ಡಪ್ಪನ ಬದಿಗೆ ಉಳಿದಳು. ಅವಳ ಓಡಾಟಕ್ಕೆಂದು ಹಿರಿಯರು ಗೋಡೆಯಲ್ಲೊಂದು ನಡುಬಾಗಿಲು ಬಿಡಿಸಿದರು, ಆದರೆ ಅದಕ್ಕೆ ಎರಡೂ ಬದಿಗೆ ಅಗುಳಿ ಬಿತ್ತು; ಇಬ್ಬರೂ ತೆಗೆದರೆ ಮಾತ್ರ ತೆರೆಯುವ ಬಾಗಿಲು ಅದು. ಪಾಲಾಗದೆ ಉಳಿದದ್ದು ಫೋನು ಒಂದೇ. ನಂಬರು ಅಜ್ಜನ ಹೆಸರಿನಲ್ಲಿತ್ತು, ನೆಂಟರಿಗೆಲ್ಲ ಅದೇ ಬಾಯಿಪಾಠ. ಬಿಡಲು ಇಬ್ಬರೂ ತಯಾರಿಲ್ಲ. ಕೊನೆಗೆ ಪಂಚಾಯ್ತಿಗೆ ಕೂತವರೊಬ್ಬರು ಹೇಳಿದಂತೆ ಫೋನು ನಮ್ಮ ಬದಿಗೆ ಉಳಿಯಿತು. ಪರಿಚಯದ ವೈರಿಂಗಿನವನು ಗೋಡೆಯಲ್ಲಿ ತೂತು ಕೊರೆದು ಇನ್ನೊಂದು ಫೋನನ್ನು ಪ್ಯಾರಲಲ್ ಎಂದು ಆಚೆ ಕೊಟ್ಟ. ಕರೆ ಬಂದರೆ ಎರಡೂ ಕಡೆ ರಿಂಗಾಗುತ್ತಿತ್ತು. ಆಚೆಯವರ ಕರೆ ಎಂದು ಗೊತ್ತಾದರೆ ಆಯಿ ಸೌಟಿನಿಂದ ಗೋಡೆಗೆ ಕುಟ್ಟುತ್ತಿದ್ದಳು. ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ಉಳಿದ ಮಾತುಕತೆ ಎಂದರೆ ಆ ಸೌಟಿನದು.

ಅಜ್ಜಿ ಇದನ್ನೆಲ್ಲ ನೋಡಿ ಸುಮ್ಮನಿದ್ದವಳಲ್ಲ. ಗೋಡೆ ಮುಗಿದ ದಿನ ತುಳಸಿಕಟ್ಟೆಯ ಮೇಲೆ ಕೈಯಿಟ್ಟು ಆಣೆ ಹಾಕಿದಳು:

'ನೀವಿಬ್ರೂ ಒಬ್ಬರ ಸಂಗ್ತಿಗೆ ಒಬ್ಬರು ಮಾತಾಡೂವರೆಗೆ ನಾನೂ ನಿಮ್ಮಿಬ್ಬರ ಸಂಗ್ತಿಗೆ ಮಾತಾಡೂದಿಲ್ಲ.'

ಅಂದಿನಿಂದ ಅವಳು ಒಂದೇ ಸೂರಿನಡಿಯ ಹಿರಿಮಗನ ಜೊತೆಗೂ ನೇರ ಮಾತಾಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಳು. ದೊಡ್ಡಪ್ಪ ಎದುರಿಗೆ ಉಣ್ಣುತ್ತ ಕೂತಿರುವಾಗಲೇ, 'ಏ ಬೆಕ್ಕೇ, ಕೊಟ್ಟಿಗೆಗೆ ದೀಪ ಇಲ್ಲ ಅಂತ ಹೇಳೇ,' 'ಏ ಬೆಕ್ಕೇ, ಇನ್ನಟು ಅನ್ನ ಹಾಕ್ಕಳೂಕೆ ಹೇಳೇ.' ದೊಡ್ಡಪ್ಪ ಬೆಕ್ಕಿನತ್ತ ನೋಡಿ 'ಸಾಕಾಯ್ತು' ಎನ್ನುತ್ತಿದ್ದ. ಬೆಕ್ಕು ಮೀನಿನ ಮುಳ್ಳು ಕಡಿಯುತ್ತ ಇಬ್ಬರನ್ನೂ ಸಾಕುತ್ತಿತ್ತು. ಸೊಸೆಯಂದಿರ ಜೊತೆ, ನನ್ನ ಜೊತೆ ಮಾತಾಡಲು ಅವಳಿಗೆ ಅಡ್ಡಿಯಿರಲಿಲ್ಲ. ಆಣೆಯಲ್ಲಿ ನಾವಿರಲಿಲ್ಲವಲ್ಲ. ನಾನು ಇವತ್ತು ಕಾರವಾರದಲ್ಲಿ ಟೈಲ್ಸ್ ಅಂಗಡಿ ಇಟ್ಟು, ಸಾಲ ಕೇಳುವ ಗಿರಾಕಿಯಿಂದ ಹಿಡಿದು ಮಾಲು ತಡಮಾಡುವ ಸಪ್ಲೈಯರ್ ತನಕ ಎಲ್ಲರ ಜೊತೆ ಗುದ್ದಾಡಿ ಬದುಕುತ್ತಿದ್ದೇನೆ. ಜನ ನನಗೆ ವ್ಯಾಪಾರ ಯಾರು ಕಲಿಸಿದರು ಎಂದು ಕೇಳುತ್ತಾರೆ. ಆ ಬೆಕ್ಕನ್ನು ನೆನೆದು ಸುಮ್ಮನೆ ನಗುತ್ತೇನೆ.

ಬ್ರಾಡ್‌ಬ್ಯಾಂಡ್ ಜೋಡಿಸಲು ಬಂದವರು ಡಬ್ಬಿಯಿಂದ ಮೋಡೆಮ್ ತೆಗೆದು, ಫೋನಿನ ವೈರಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಫಿಲ್ಟರ್ ಸಿಕ್ಕಿಸಿದರು. ಆಯಿಗೆ ಬಿಡಿಸಿ ಹೇಳಿದರು:

'ಫೋನಿದ್ದಲ್ಲೆಲ್ಲಾ ಇದು ಹಾಕ್ಲೇಬೇಕು ಬಾಯಿಯವ್ರೇ. ಇಲ್ದಿರೆ ರಿಸೀವರ್ ಎತ್ತಿದ ಕೂಡ್ಲೆ ನೆಟ್ ಬೀಳ್ತದೆ. ಎಷ್ಟು ಫೋನಿದೆ ಮನೇಲಿ?'

'ಒಂದೇ,' ಎಂದಳು ಆಯಿ.

ಅವಳು ಸುಳ್ಳು ಹೇಳಲಿಲ್ಲ. ಅವಳ ಮನೆಯಲ್ಲಿದ್ದದ್ದು ಒಂದೇ. ಗೋಡೆಯಾಚೆಯದು ಬೇರೆಯವರ ಮನೆ ಎಂದು ಒಪ್ಪಿಕೊಳ್ಳಲು ಅವಳಿಗೆ ವರ್ಷಗಳೇ ಹಿಡಿದಿದ್ದವು; ಈಗ ಯಾರೋ ಕೇಳಿದರೆಂದು ಅದನ್ನು ಮತ್ತೆ ತಿದ್ದುವುದುಂಟೇ!

ಮೊದಲ ಶುಕ್ರವಾರ ನಾನು ಶಾಲೆಯಿಂದ ಬಂದದ್ದೇ, ಆಯಿ ಹಬ್ಬಕ್ಕೆ ಉಡುವ ಸೀರೆ ಉಟ್ಟು ತಿರುಗುವ ಕುರ್ಚಿಯಲ್ಲಿ ಕೂತಳು. ಅಪ್ಪ ಅಲ್ಲಿ ಗೆಳೆಯನ ಕೋಣೆಯ ಕಂಪ್ಯೂಟರ್ ಮುಂದೆ. ಕಾಳುಕಾಳಾದ ಚಿತ್ರ, ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರುತ್ತಿತ್ತು. ಆದರೂ ಅಪ್ಪನೇ. ಮೀಸೆ ಬೋಳಿಸಿದ್ದು ಕಂಡು ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು 'ಶೈಲೂ, ಶಾಲೆಲಿ...' ಎಂದ. ಪರದೆ ಅಲ್ಲಿಗೇ ನಿಂತಿತು. ಮೋಡೆಮ್ಮಿನ ಒಂದು ದೀಪ ಮಿಣಮಿಣ ಎಂದು ಆರಿತು.

'ಗೆಲೆಂ!' ಎಂದು ಆಯಿ ಕೂಗಿದಳು.

ಆಯಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಆದರೆ ಗಾಬರಿಯಾದರೆ, ಕೈ ಸುಟ್ಟರೆ ತವರಿನ ಕೊಂಕಣಿಯೇ. ಗೆಲೆಂ ಅಂದರೆ ಹೋಯಿತು. ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು, ಆದರೂ ಅಜ್ಜಿ ಸೊಸೆಯನ್ನು ಕೆಣಕುವ ಅವಕಾಶ ಬಿಟ್ಟವಳಲ್ಲ. ಮಾರನೆಯ ದಿನ ಬಾವಿಕಟ್ಟೆಯಲ್ಲಿ ನನ್ನನ್ನು ಹಿಡಿದು ಕೇಳಿದಳು:

'ನಿನ್ನ ಆಯಿ ನಿನ್ನೆ ಎಂತಾ ಗೆಲ್ತು ಮಗಾ? ಇಲ್ಲಿವರೆಗೆ ಕೇಳ್ತು!'

ಆ ಮುಂದಿನ ಶುಕ್ರವಾರವೂ ಹಾಗೇ, ಅದರ ಮುಂದಿನದೂ ಹಾಗೇ. ಉಳಿದ ದಿನ ನೆಟ್ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಪಕ್ಕದ ಮನೆಯವರು ರಿಸಲ್ಟ್ ನೋಡಿಕೊಂಡು ಹೋದರು, ಮೇಷ್ಟರೊಬ್ಬರು ರೈಲಿನ ಟಿಕೇಟು ಮಾಡಿಸಿಕೊಂಡು ಹೋದರು. ಶುಕ್ರವಾರ ಅಪ್ಪನ ಮುಖ ಕಂಡು ನಾಲ್ಕು ಮಾತಾಗುವಷ್ಟರಲ್ಲಿ ಮಾತ್ರ ಗೆಲೆಂ. ಆಯಿಗೂ ಅಪ್ಪನಿಗೂ ಕಾರಣ ತಿಳಿಯಲು ತಡವಾಗಲಿಲ್ಲ: ಆಚೆ ಬದಿಗೆ ಯಾರೋ ರಿಸೀವರ್ ಎತ್ತುತ್ತಿದ್ದಾರೆ. ಯಾರೋ ಏನು, ದೊಡ್ಡಪ್ಪನೇ. ಹೊಟ್ಟೆಕಿಚ್ಚು. ಆಚೆಯ ಫೋನಿಗೆ ಇನ್ನೊಂದು ಫಿಲ್ಟರ್ ಹಾಕಿದರೆ ಎಲ್ಲ ಮುಗಿಯುತ್ತಿತ್ತು. ಆದರೆ ಹಾಕುವ ಮೊದಲು ಕೇಳಬೇಕಿತ್ತು. ಕೇಳುವವರು ಯಾರು? ಅಪ್ಪ ಮುಂದಿನ ಸಲ ಮುಖ ಕಂಡದ್ದೇ ತಡ, ನಮಸ್ಕಾರ ಚಮತ್ಕಾರ ಇಲ್ಲದೆ ಹೇಳಿದ:

'ಲೈನು ಬೀಳೂಕೆ ಮೊದ್ಲೇ ಹೇಳ್ತೆ, ಕೇಳು. ಆ ವೈರಿಂಗಿನವನ್ನ ಕರಿ. ಆಚೆ ಹೋಗೂ ವೈರು ಕತ್ತರಿಸಿ ಒಗೆ. ಅಂವಂಗೆ ನಮ್ಮ ಫೋನೇ ಬೇಡ.'

ಆಯಿ ಈ ಮಾತನ್ನು ಮೀನು ಮಾರುವವಳ ಮುಂದೆ ಆಡಿದಳು. ಅವಳು ಬುಟ್ಟಿ ಹೊತ್ತು ನಮ್ಮ ಅಂಗಳದಿಂದ ಅವರ ಅಂಗಳಕ್ಕೆ ಹೋಗುವಷ್ಟರಲ್ಲಿ ಉತ್ತರ ಬಂತು. ದೊಡ್ಡಪ್ಪ ದನ ಕಟ್ಟುತ್ತ, ಗೋಡೆಗೆ ಕೇಳುವ ಹಾಗೆ ಹೇಳಿದ:

'ವೈರು ಕತ್ತರಿಸ್ಲಿ. ನಾನು ನಡುಬಾಗ್ಲಿಗೆ ಕಲ್ಲಿಟ್ಟು ಮುಚ್ಚಿಬಿಡ್ತೆ. ಮತ್ತೆಂತಾ ಉಳೀತದೆ ನೋಡ್ವಾ.'

ಅಲ್ಲಿಗೆ ಅಜ್ಜಿಯ ಸ್ಥಿತಿ ಏನಾಗುತ್ತದೆ ಎಂದು ಎರಡೂ ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ಅವಳಿಗೆ ಮಂಡಿನೋವು, ಬಾವಿಯ ಜಾರುಕಲ್ಲು ದಾಟಿ ಹಿತ್ತಲಿನಿಂದ ನಮ್ಮಲ್ಲಿಗೆ ಬರುವುದು ಮಳೆಗಾಲದಲ್ಲಿ ಆಗದ ಮಾತು. ಬಾಗಿಲೂ ಮುಚ್ಚಿ ವೈರೂ ಹೋದರೆ ಅಪ್ಪನ ಬದಿಯ ಸುದ್ದಿ ಅವಳ ಪಾಲಿಗೆ ಮುಗಿದಂತೆಯೇ. ಆದರೆ ಅದು ನನಗೆ ಹೊಳೆದದ್ದೂ ಆಮೇಲೆ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದು ಸಣ್ಣ ಸಂಶಯ. ಹಿಂದಿನ ಶುಕ್ರವಾರ ಲೈನು ಬಿದ್ದ ಗಳಿಗೆಯಲ್ಲಿ ನಾನು ಕಿಟಕಿಯ ಹತ್ತಿರ ನಿಂತಿದ್ದೆ, ದೊಡ್ಡಪ್ಪ ನನ್ನ ಕಣ್ಣೆದುರೇ ಬಾವಿಯಿಂದ ದನಕ್ಕೆ ನೀರು ಸೇದುತ್ತಿದ್ದ. ಎರಡೂ ಕೈ ಹಗ್ಗದ ಮೇಲೆ. ಹಾಗಾದರೆ ಎತ್ತಿದ್ದು ಯಾರು?

ಇನ್ನೊಂದು ಮಾತು. ಊಟವಾದ ಮೇಲೆ, ಸಂಜೆಯ ಚಹಾ ಆದ ಮೇಲೆ ಗೋಡೆಯಾಚೆಯಿಂದ ಒಂದು ಸದ್ದು ನಿತ್ಯ ಬರುತ್ತಿತ್ತು: ಅಜ್ಜಿ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುವ ಟಕ್ ಟಕ್. ಹಲ್ಲಿಲ್ಲದವಳಿಗೆ ಅದೇ ಹಲ್ಲು. ಗಡಿಯಾರದ ಸದ್ದು ಹೇಗೆ ಕೇಳಿಸುವುದಿಲ್ಲವೋ ಹಾಗೆ ನಮಗೆ ಅದೂ ಕೇಳಿಸುತ್ತಿರಲಿಲ್ಲ. ನಿಂತಾಗ ಮಾತ್ರ ಕಿವಿಗೆ ಬೀಳುವಂಥದ್ದು. ಮುಂದಿನ ಶುಕ್ರವಾರ ನಾನು ಪರದೆಯನ್ನು ನೋಡದೆ ಗೋಡೆಗೆ ಕಿವಿಯಿಟ್ಟು ಕೂತೆ. ಅಪ್ಪ ಬಂದ. ಟಕ್ ಟಕ್. ಆಯಿ ಮಾತಾಡಿದಳು. ಟಕ್ ಟಕ್. ಆಮೇಲೆ ಕುಟ್ಟಾಣಿ ನಿಂತಿತು. ನಾನು ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ 'ಗೆಲೆಂ!'

ಹಿತ್ತಲಿನಿಂದ ಓಡಿದೆ. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತು, ರಿಸೀವರನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ನಡುನಡುವೆ ತಲೆ ಆಡಿಸುತ್ತಿದ್ದಳು, ಯಾರೋ ಏನೋ ಹೇಳುತ್ತಿದ್ದಾರೆ ಎನ್ನುವಂತೆ. ನನ್ನನ್ನು ಕಂಡು ಬೆಚ್ಚಲಿಲ್ಲ. ರಿಸೀವರ್ ನನ್ನ ಕಿವಿಗಿಟ್ಟಳು.

'ಕೇಳು. ನಿನ್ನಪ್ಪನ ಊರಿನ ಸಮುದ್ರ.'

ಕೇಳಿದೆ. ಸೊಂಯ್ಯ್ ಎಂದು ಒಂದೇ ಸಮನೆ ಮೊರೆತ.

'ಮೊದ್ಲೆಲ್ಲಾ ಮಾತು ಕೇಳ್ತಿತ್ತು,' ಎಂದಳು. 'ನಿನ್ನ ಆಯಿ ಸಂಗ್ತಿಗೆ ಮಾತಾಡೂವಾಗ ನಾನೂ ಇಲ್ಲಿ ಎತ್ಕಂಡು ಕೂಡ್ತಿದ್ದೆ. ಈಗ್ಲೂ ಗೋಡೆಯಾಚೆ ನಿನ್ನ ಆಯಿ ದನಿ ಕೇಳ್ದ ಕೂಡ್ಲೆ ಎತ್ಕಳ್ತೆ. ಆದ್ರೆ ಅಂವ ದಂಡೆಗೆ ನಿಂತ್ಕಂಡೇ ಫೋನು ಮಾಡ್ತಾ ಕಾಣ್ತದೆ. ಗಾಳಿಗೆ ಮಾತು ಹಾರ್ಕಂಡು ಹೋತದೆ. ಬರೀ ತೆರೆ ಕೇಳ್ತದೆ. ಅದೂ ಸಾಕು. ಅಂವ ಅದರ ಬದಿಗೇ ಇದ್ದಾ ಅಲ್ದಾ?'

'ಅಜ್ಜೀ, ನೀನು ಮಾತಾಡೂದಿಲ್ಲ ಅಂತ ಆಣೆ ಹಾಕಿದ್ಯಲ್ಲೇ?'

'ಮಾತಾಡೂದಿಲ್ಲ ಅಂದಿದ್ದೆ. ಕೇಳೂದಿಲ್ಲ ಅಂತ ಯಾವಾಗ ಅಂದಿದ್ದೆ?'

ಫಿಲ್ಟರ್ ಇಲ್ಲದ ಫೋನಿನಲ್ಲಿ ನೆಟ್ಟಿನ ಸದ್ದು ಹಾಗೆಯೇ ಕೇಳುವುದು ಎಂದು ನಾನು ಹೇಳಹೊರಟೆ. 'ಇದು ಸಮುದ್ರ ಅಲ್ಲ ಅಜ್ಜೀ, ಇದು ನೆಟ್ಟು.' ಅವಳು ನನ್ನನ್ನು ಕನಿಕರದಿಂದ ನೋಡಿದಳು.

'ನೆಟ್ಟು ಅಂದ್ರೆ ಬಲೆ ಅಂತ ನೀನೇ ಅವತ್ತು ಹೇಳಿದ್ಯಲ್ಲೇ. ಬಲೆಯಲ್ಲಿ ಸಮುದ್ರ ಕೇಳ್ದೆ ಮತ್ತೆಂತಾ, ಗುಡ್ಡ ಕೇಳ್ತದ್ಯಾ?'

ಆಗ ನಾನು ಬಾಯಿ ಮುಚ್ಚಿ ಯೋಚಿಸಿದೆ. ಹೋಗಿ ಸತ್ಯ ಹೇಳಿಬಿಟ್ಟರೆ ಏನಾಗುತ್ತದೆ? ಅಜ್ಜಿಗೆ ಮಗನ ಮಾತು ಕೇಳುವ ಆಸೆ ಎಂದು ಆಯಿ ಅತ್ತುಬಿಡುತ್ತಾಳೆ, ದೊಡ್ಡಪ್ಪ ತನ್ನ ಮನೆಯಲ್ಲಿ ಕದ್ದು ಕೇಳಿದ್ದಕ್ಕೆ ಸಿಟ್ಟಾಗುತ್ತಾನೆ, ಅಜ್ಜಿ ನಾಚಿಕೆಯಿಂದ ರಿಸೀವರ್ ಮುಟ್ಟುವುದನ್ನೇ ಬಿಡುತ್ತಾಳೆ. ಲೈನು ಉಳಿಯುತ್ತದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ. ನಷ್ಟದ ವ್ಯಾಪಾರ. ಅದರ ಬದಲು ಒಬ್ಬೊಬ್ಬರ ಹತ್ತಿರ ಒಂದೊಂದು ಸಣ್ಣ ವಸ್ತು ಕೇಳಬೇಕು, ಅವರು ಬೇಡವೆಂದು ಆಣೆ ಹಾಕದಂಥದ್ದನ್ನು ಮಾತ್ರ. ನಾನು ಮಾಡಿದ ಮೊದಲ ದಲ್ಲಾಳಿ ಕೆಲಸ ಅದು.

ಆಯಿಯ ಹತ್ತಿರ ಸಮಯ ಕೇಳಿದೆ.

'ವೈರಿಂಗಿನವನ್ನ ಕರೀಬೇಡ. ಮುಂದಿನ ಶುಕ್ರವಾರ ಲೈನು ಬೀಳದ ಹಾಗೆ ನಾನು ನೋಡ್ಕಳ್ತೆ. ಬಿದ್ರೆ ಕತ್ತರಿಸು. ಬೀಳ್ದಿದ್ರೆ ಶುಕ್ರವಾರದ ಮೀನು ವಾಪಸ್ ಬೇಕು.'

'ಇದಕೆ ಮೀನಿಂದೇ ಧ್ಯಾನ ಗೋ!' ಎಂದಳು ಆಯಿ. ಆದರೆ ಒಪ್ಪಿದಳು. ಕತ್ತರಿಸುವುದಕ್ಕೂ ಅವಳ ಮನಸ್ಸು ಪೂರ್ತಿ ಇರಲಿಲ್ಲ ಎಂದು ಅವಳು ಒಪ್ಪಿದ ವೇಗದಲ್ಲೇ ಗೊತ್ತಾಯಿತು.

ಅಜ್ಜಿಯ ಹತ್ತಿರ ಕೂರುವುದನ್ನು ಮಾತ್ರ ಕೇಳಿದೆ. 'ನಮ್ಮ ಕಂಪ್ಯೂಟರಿನಲ್ಲಿ ಅಪ್ಪ ಕಾಣ್ತ. ನೀನು ಮಾತಾಡೂದು ಬೇಡ. ನೋಡು. ನೋಡೂದಿಲ್ಲ ಅಂತ ಆಣೆ ಹಾಕಿದ್ಯಾ?' ಅವಳು ಬೊಚ್ಚುಬಾಯಿ ಅಗಲಿಸಿ ನಕ್ಕಳು. 'ನೀ ನನ್ನ ಮೊಮ್ಮಗಳೇ ಹೌದೇ' ಎಂದಳು.

ಕಷ್ಟದ್ದು ದೊಡ್ಡಪ್ಪ. ಅವನು ಕೊಟ್ಟಿಗೆಯಲ್ಲಿದ್ದ.

'ದೊಡ್ಡಪ್ಪಾ, ಶುಕ್ರವಾರ ನಡುಬಾಗಿಲಿನ ನಿಮ್ಮ ಬದಿ ಅಗುಳಿ ತೆಗೀಬೇಕಂತೆ.'

'ಯಾರಂತೆ?'

'ಅಜ್ಜಿ. ನಮ್ಮಲ್ಲಿ ಬಂದು ಕೂತ್ಕಳ್ತದಂತೆ.'

'ಆ ಮನೆ ಹೊಸ್ತಿಲು ನಾನು ದಾಟೂದಿಲ್ಲ.'

'ನಿಮ್ಮನ್ಯಾರು ಕರೆದ್ರು?' ಎಂದೆ. ಇದು ಸ್ವಲ್ಪ ಖಾರವಾಯಿತು, ಆದರೆ ಕೆಲವರಿಗೆ ಖಾರವೇ ಬೇಕು. 'ಅಗುಳಿ ತೆಗೀರಿ, ಸಾಕು. ಅಜ್ಜಿಗೆ ಆ ಕುರ್ಚಿ ತಿರುಗ್ತದೆ. ಬಿದ್ರೆ ಹಿಡಿಯೂಕೆ ನಿಮ್ಮ ಹೊಸ್ತಿಲ ಒಳಗೇ ನಿಂತ್ಕಳ್ಳಿ.'

ಅವನು ದನದ ಬೆನ್ನು ಪೂರ್ತಿ ಉಜ್ಜಿ ಮುಗಿಸಿದ. ಆಮೇಲೆ ದನಕ್ಕೆ ಹೇಳಿದ:

'ಅಮ್ಮಂಗೆ ಹೇಳು, ಅಗುಳಿ ತೆಗೀತೆ ಅಂತ.'

ಅಜ್ಜಿಯ ಬೆಕ್ಕಿನ ಅಭ್ಯಾಸ ಅವನಿಗೂ ಹತ್ತಿತ್ತು.

ಉಳಿದದ್ದೊಂದು ಕೆಲಸ ನಾನು ಯಾರಿಗೂ ಹೇಳದೆ ಮಾಡಿದೆ. ಆ ಶುಕ್ರವಾರ ಬೆಳಿಗ್ಗೆ ಕಂಪ್ಯೂಟರಿನ ಮೇಜನ್ನು ಸ್ವಲ್ಪ ಸ್ವಲ್ಪ ಎಳೆದು ತಿರುಗಿಸಿದೆ. ಪರದೆಯ ಮೇಲೆ ಸಿಕ್ಕಿಸಿದ ಪುಟ್ಟ ಕ್ಯಾಮೆರಾದ ಮುಖ ನಡುಬಾಗಿಲಿಗೆ. ಕುರ್ಚಿಯಲ್ಲಿ ಕೂತವರ ಹಿಂದೆ ಬಾಗಿಲಿನ ಹೊಸ್ತಿಲು, ಅದರಾಚೆ ನಿಂತವರು, ಎಲ್ಲ ಬಹರೇನಿಗೆ ಕಾಣಬೇಕು. ಆಯಿ ಕೇಳಿದ್ದಕ್ಕೆ, ಹೀಗಿಟ್ಟರೆ ಪರದೆಗೆ ಕಿಟಕಿಯ ಬೆಳಕು ಬೀಳುವುದಿಲ್ಲ ಎಂದೆ. ಅದೂ ನಿಜವೇ.

ಬಾಗಿಲು ತೆರೆದಾಗ ಮರ ಊದಿಕೊಂಡಿದ್ದರಿಂದ ಎರಡೂ ಕಡೆಯಿಂದ ತಳ್ಳಬೇಕಾಯಿತು. ಅಜ್ಜಿ ಬಂದು ಕುರ್ಚಿಯಲ್ಲಿ ಕೂತಳು, ಅದು ಗಿರ್ರನೆ ಅರ್ಧ ಸುತ್ತು ತಿರುಗಿತು, 'ಅಯ್ಯಯ್ಯೋ' ಎಂದಳು, ಆಯಿ ಹಿಡಿದು ನಿಲ್ಲಿಸಿದಳು. ಬೆಕ್ಕು ಅಜ್ಜಿಯ ಹಿಂದೆಯೇ ಬಂದು ಮೋಡೆಮ್ಮಿನ ಬೆಚ್ಚಗಿನ ಜಾಗ ಹುಡುಕಿ ಮಲಗಿತು. ದೊಡ್ಡಪ್ಪ ತನ್ನ ಹೊಸ್ತಿಲೊಳಗೆ, ಪಂಚೆ ಎತ್ತಿ ಕಟ್ಟಿ, ಬಾಗಿಲಂಚಿನಲ್ಲಿ ಕಾಣುವ ನಮ್ಮ ಬದಿಯ ಕೆಂಪು ಕಲ್ಲುಗಳನ್ನು ನೋಡುತ್ತ ನಿಂತ. ಪರದೆಯಲ್ಲಿ ಅಪ್ಪ ಬಂದ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಉಳಿದ. ನಾನು ಲೈನು ನಿಂತಿತು ಎಂದುಕೊಂಡು ಮೋಡೆಮ್ ನೋಡಿದೆ. ದೀಪ ಉರಿಯುತ್ತಿತ್ತು. ಲೈನಲ್ಲ, ಅಪ್ಪನೇ ನಿಂತುಹೋಗಿದ್ದ. ಅಜ್ಜಿ ಮಾತಾಡಲಿಲ್ಲ. ಪರದೆಯ ಹತ್ತಿರ ಮುಖ ತಂದು, ಅವನ ಬೋಳು ಮೇಲ್ದುಟಿಯ ಮೇಲೆ ಬೆರಳಿಟ್ಟಳು. ಅಪ್ಪನ ಕಣ್ಣು ಅವಳನ್ನು ದಾಟಿ ಹಿಂದೆ ಹೋಯಿತು. ದೊಡ್ಡಪ್ಪನಿಗೂ ತಾನು ಕಾಣುತ್ತಿದ್ದೇನೆಂದು ಆಗ ಗೊತ್ತಾಯಿತು. ಇಬ್ಬರೂ ಮುಖ ತಿರುಗಿಸಲಿಲ್ಲ. ಎಲ್ಲ ಸಾಮಾನು ಅಂಗಡಿಯ ಮೇಜಿನ ಮೇಲೆ ಹರಡಿ ಆಗಿದೆ, ಗಿರಾಕಿ ಮಾತ್ರ ಬಾಯಿ ಬಿಡುತ್ತಿಲ್ಲ.

ಅಷ್ಟರಲ್ಲಿ ಫೋನು ರಿಂಗಾಯಿತು. ಎರಡೂ ಬದಿಗೆ, ಒಟ್ಟಿಗೆ.

ದೊಡ್ಡಪ್ಪನ ಬೆನ್ನ ಹಿಂದೆಯೇ ಅವರ ಫೋನು. ಅಭ್ಯಾಸಬಲ, ಅವನು ತಿರುಗಿ ಕೈ ಚಾಚಿದ. ನಾನು ಕೂಗುವ ಮೊದಲು, ಆಯಿ ಕೂಗುವ ಮೊದಲು, ಸ್ಪೀಕರಿನಿಂದ ಬಹರೇನ್ ಕೂಗಿತು:

'ಅಣ್ಣಾ, ಎತ್ಬೇಡಾ!'

ದೊಡ್ಡಪ್ಪನ ಕೈ ಗಾಳಿಯಲ್ಲೇ ನಿಂತಿತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ನಿಧಾನಕ್ಕೆ ತಿರುಗಿದ.

'ಎತ್ತೂದಿಲ್ಲ ಮಾರಾಯಾ,' ಎಂದ. 'ನೀ ಹೇಳು.'

'ಎಂತಾ ಹೇಳೂದು...' ಎಂದ ಅಪ್ಪ.

'ಎಂತಾರೂ ಹೇಳು. ಮೀಸೆ ಎಂತಕೆ ತೆಗ್ದೆ ಅದನ್ನಾರೂ ಹೇಳು. ಥೇಟ್ ಸಿಪ್ಪೆ ಸುಲಿದ ಶೆಟ್ಲಿ ಮೀನು ಕಂಡ್ಹಾಂಗೆ ಕಾಣ್ತೆ.'

ಅಪ್ಪ ನಕ್ಕನೋ ಅತ್ತನೋ ಹೇಳಲು ಬರುವಷ್ಟು ಒಳ್ಳೆಯ ಚಿತ್ರವಲ್ಲ ಆಗಿನದು. ಅಜ್ಜಿ ಮೋಡೆಮ್ಮಿನ ಬಳಿ ಮಲಗಿದ್ದ ಬೆಕ್ಕಿನ ಕಡೆ ಬಗ್ಗಿದಳು.

'ಬೆಕ್ಕೇ, ನಿನ್ನ ಚಾಕರಿ ಮುಗೀತು. ಹೋಗಿನ್ನು,' ಎಂದಳು. ಆಮೇಲೆ ಎದ್ದು ಕೂತು, ಇಷ್ಟು ವರ್ಷ ಕಟ್ಟಿಟ್ಟದ್ದನ್ನೆಲ್ಲ ಇಬ್ಬರು ಮಕ್ಕಳ ಮೇಲೂ ಒಮ್ಮೆಲೇ ಸುರಿದಳು. ಇವನು ತೆಳ್ಳಗಾದದ್ದು, ಅವನು ಕೆಮ್ಮಿಗೆ ಮದ್ದು ತಗೊಳ್ಳದ್ದು, ಇವನು ಮಣ್ಣಿಗೆ ಬರಲಾಗದೆ ಅಲ್ಲಿ ಒಬ್ಬನೇ ಅತ್ತದ್ದು ತನಗೆ ಗೊತ್ತಿದೆ ಎನ್ನುವುದು. 'ಫೋನಲ್ಲಿ ನಿನ್ನ ಹೆಂಡ್ತಿಗೆ ಹೇಳಿದ್ಯಲ್ಲೋ, ನಾನು ಕೇಳಿದ್ದೆ,' ಎಂದಳು. ದೊಡ್ಡಪ್ಪನಿಗೆ ಆ ಸಂಗತಿ ಅಲ್ಲಿಯತನಕ ಗೊತ್ತಿರಲಿಲ್ಲ. ಅವನು ಹೊಸ್ತಿಲು ದಾಟಿದ್ದು ಆಗ. ದಾಟಿದ್ದು ಅವನಿಗೇ ಗೊತ್ತಾಗಲಿಲ್ಲ ಎಂದು ಕಾಣುತ್ತದೆ.

ರಿಂಗು ನಿಂತಿತು, ಮತ್ತೆ ಶುರುವಾಯಿತು. ಆಚೆಯ ಅಡುಗೆಮನೆಯಲ್ಲಿದ್ದ ದೊಡ್ಡಪ್ಪನ ಹೆಂಡತಿ ದೊಡ್ಡಾಯಿಗೆ ಇದಾವುದೂ ಗೊತ್ತಿಲ್ಲ. 'ಯಾರೂ ಎತ್ತೂಕಿಲ್ವಾ ಇದನ್ನ!' ಎಂದು ಬಂದವಳೇ ರಿಸೀವರ್ ಎತ್ತಿದಳು. ಯಾರೋ ತೆಂಗಿನಕಾಯಿ ಕೊಯ್ಯುವವನ ಮನೆ ಇದೇನಾ ಎಂದು ಕೇಳಿದರಂತೆ. ಪರದೆಯಲ್ಲಿ ಅಪ್ಪ ಬಾಯಿ ತೆರೆದಂತೆಯೇ ಸ್ತಬ್ಧ.

'ಗೆಲೆಂ!' ಎಂದಳು ಆಯಿ.

'ಹೌದೇ,' ಎಂದಳು ಅಜ್ಜಿ. 'ಈ ಸಲ ಗೆದ್ದದ್ದೇ ಹೌದು.'

ಆ ಸಂಜೆ ಮನೆಯೊಳಗೆ ತುಂಬಿದ ಹಗುರವನ್ನು ನಾನು ಇಂದಿಗೂ ಮರೆತಿಲ್ಲ. ಯಾರೂ ದೊಡ್ಡ ಮಾತಾಡಲಿಲ್ಲ, ಕ್ಷಮೆ ಗಿಮೆ ಕೇಳಲಿಲ್ಲ. ದೊಡ್ಡಾಯಿ ನಡುಬಾಗಿಲಿನಿಂದಲೇ ಬಂಗಡೆ ಸಾರಿನ ಪಾತ್ರೆ ದಾಟಿಸಿದಳು. ಕರಾರಿನ ಪ್ರಕಾರ ಲೈನು ಬಿದ್ದಿತ್ತು, ಶುಕ್ರವಾರದ ಮೀನು ನನಗೆ ಸಿಗುವಂತಿರಲಿಲ್ಲ. ಆದರೆ ಆ ಮಾತನ್ನು ಎತ್ತುವ ಮನಸ್ಸು ಆಯಿಗೂ ಇರಲಿಲ್ಲ. ಮುಂದಿನ ವಾರ ಇನ್ನೊಂದು ಫಿಲ್ಟರ್ ತಂದು ಆಚೆಯ ಫೋನಿಗೂ ಸಿಕ್ಕಿಸಿದೆವು, ದುಡ್ಡು ದೊಡ್ಡಪ್ಪ ಕೊಟ್ಟ. ಅಂದಿನಿಂದ ರಿಸೀವರಿನಲ್ಲಿ ಮೊರೆತ ನಿಂತಿತು. ಅಜ್ಜಿ ಒಮ್ಮೆ ಎತ್ತಿ ಕೇಳಿ, 'ಸಮುದ್ರ ತಣ್ಣಗಾಗಿದೆ' ಎಂದು ಇಟ್ಟಳು. ಬೆಕ್ಕಿಗೆ ಹೇಳುವ ಅಭ್ಯಾಸ ಮಾತ್ರ ಅವಳಿಗೂ ಮಗನಿಗೂ ಕೊನೆತನಕ ಹೋಗಲಿಲ್ಲ. ಎರಡೇ ವರ್ಷದಲ್ಲಿ ನಮ್ಮ ಓಣಿಯ ಮನೆಮನೆಯಲ್ಲೂ ಆ ಹಸಿರು ದೀಪಗಳು ಮಿನುಗತೊಡಗಿದವು, ಚಿತ್ತಾಕುಲದ ಮಾವನಿಗೂ ಸಿಕ್ಕಿತು. ಅಪ್ಪ ನನ್ನ ಶಾಲೆಯ ಬಗ್ಗೆ ಕೇಳಬೇಕೆಂದಿದ್ದ ಪ್ರಶ್ನೆ ಕೊನೆಗೂ ಪೂರ್ತಿಯಾಗಿ ಕೇಳಿಸಿತು: 'ಶಾಲೆಲಿ ಮಧ್ಯಾಹ್ನ ಊಟ ಸರಿ ಮಾಡ್ತ್ಯಾ?' ಇಷ್ಟೇ.

ಈಗ ನನ್ನ ಅಂಗಡಿಗೆ ಮನೆ ಕಟ್ಟುವವರು ಬರುತ್ತಾರೆ, ಮನೆ ಪಾಲು ಮಾಡಿಕೊಳ್ಳುವವರೂ ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಇದಕ್ಕೆ ಕಮಿಷನ್ ಇಲ್ಲ. ನೆಟ್ ಹಾಕಿಸುವಾಗ ಮನೆಯಲ್ಲಿ ಫೋನು ಎಷ್ಟು ಎಂದು ಯಾರಾದರೂ ಕೇಳಿದರೆ ಜಗಳವಾಡಿದವರದ್ದನ್ನೂ ಸೇರಿಸಿ ಹೇಳಿ. ಲೈನು ಬಿದ್ದರೆ ಬೈಯುವ ಮೊದಲು ಆಚೆ ಬದಿಗೆ ಯಾವ ಸದ್ದು ನಿಂತಿತು ಎಂದು ಕೇಳಿಸಿಕೊಳ್ಳಿ. ಒಪ್ಪದವರ ಹತ್ತಿರ ಅವರು ಬೇಡವೆಂದ ವಸ್ತುವನ್ನು ಕೇಳಬೇಡಿ, ಬೇಡವೆನ್ನಲು ಮರೆತದ್ದನ್ನು ಕೇಳಿ. ಗೋಡೆ ಕಟ್ಟಲೇಬೇಕು ಎಂದಾದರೆ ಕಟ್ಟಿ, ಕಲ್ಲಿಗೂ ಟೈಲ್ಸಿಗೂ ನಾನು ಬೇಡ ಎನ್ನುವವಳಲ್ಲ. ಆದರೆ ಗೋಡೆ ಏಳುವಾಗಲೇ ಅದರ ನಡುವೆ ಒಂದು ಪೈಪು ಹಾಯಿಸಿಡಿ, ಇವತ್ತು ಅದರಲ್ಲಿ ಎಳೆಯಲು ವೈರು ಇಲ್ಲದಿದ್ದರೂ ಸರಿ. ಪ್ಲಾಸ್ಟರ್ ಆದ ಮೇಲೆ ಕೊರೆಯಲು ಹೊರಟರೆ ಧೂಳು ಬಹಳ, ಮಾತು ಅದಕ್ಕಿಂತ ಬಹಳ.